ತಪ್ಪು ಜಾಗಕ್ಕೆ ಬಿದ್ದ ಏಟು: ಹೆಪಟೈಟಿಸ್ ಸಿ ಲಸಿಕೆಯ ಹಿಂದೆ ನನ್ನ ಆರು ವರ್ಷ

ಲಿವರನ್ನು ಕಾಡುವ ಹೆಪಟೈಟಿಸ್ ಸಿ ಕಾಯಿಲೆಯ ಲಸಿಕೆಯ ಮೇಲೆ ಕೆಲಸ ಮಾಡುತ್ತಿದ್ದೆ ಅಂದ ತಕ್ಷಣ ಎದುರಿನವರಿಂದ ಎರಡು ಪ್ರಶ್ನೆ ಗ್ಯಾರಂಟಿ. ‘ಎ’ಗೂ ಲಸಿಕೆ ಇದೆ, ‘ಬಿ’ಗೂ ಇದೆ, ‘ಸಿ’ಗೆ ಏನು ಧಾಡಿ? ಇನ್ನೊಂದು, ಈಗ ಮಾತ್ರೆಯಲ್ಲೇ ವಾಸಿಯಾಗುತ್ತಂತಲ್ಲ, ಮತ್ತೆ ಲಸಿಕೆ ಯಾಕೆ?

ಎರಡನೆಯದು ಸುಲಭ. ಹೌದು, ಮಾತ್ರೆ ಇದೆ. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೊಫೊಸ್‌ಬುವಿರ್‌ಗೆ ಒಪ್ಪಿಗೆ ಸಿಕ್ಕ ಮೇಲೆ ಈ ಕಾಯಿಲೆಯ ಕಥೆಯೇ ಬದಲಾಯಿತು. ಈಗಿನ ಮಾತ್ರೆಗಳನ್ನು ಎಂಟರಿಂದ ಹನ್ನೆರಡು ವಾರ ನುಂಗಿದರೆ ನೂರಕ್ಕೆ 95ಕ್ಕಿಂತ ಜಾಸ್ತಿ ಮಂದಿ ಪೂರ್ತಿ ಗುಣವಾಗುತ್ತಾರೆ. ಆದರೆ ಮಾತ್ರೆ ನುಂಗಬೇಕಾದರೆ ಕಾಯಿಲೆ ಇದೆ ಅಂತ ಮೊದಲು ಗೊತ್ತಾಗಬೇಕಲ್ಲ. ರಕ್ತದ ಮೂಲಕ ಹರಡುವ ಈ ವೈರಸ್ ಹತ್ತಿಪ್ಪತ್ತು ವರ್ಷ ಲಿವರಿನಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಗೊತ್ತಾಗುವ ಹೊತ್ತಿಗೆ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿರಬಹುದು. ಅದೂ ಅಲ್ಲದೆ, ಗುಣವಾದ ಮೇಲೂ ರಕ್ಷಣೆ ಸಿಗುವುದಿಲ್ಲ. ದಡಾರ ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಇಲ್ಲಿ ಹಾಗಿಲ್ಲ. ಸೋಂಕಿನ ಸೂಜಿ ಇನ್ನೊಮ್ಮೆ ಚುಚ್ಚಿದರೆ ಕಾಯಿಲೆ ಇನ್ನೊಮ್ಮೆ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಸುಮಾರು 5 ಕೋಟಿ ಜನರಲ್ಲಿ ಈ ಸೋಂಕು ಬೇರೂರಿದೆ. ವರ್ಷಕ್ಕೆ 10 ಲಕ್ಷದಷ್ಟು ಹೊಸಬರು ಸೇರುತ್ತಾರೆ. 2022ರಲ್ಲಿ ಸತ್ತವರು ಸುಮಾರು 2 ಲಕ್ಷ 42 ಸಾವಿರ. ಮಾತ್ರೆಯಿಂದ ಒಂದು ಕಡೆ ನೀರು ಮೊಗೆದು ಹಾಕುತ್ತಿದ್ದರೂ ದೋಣಿಯ ತೂತು ಹಾಗೇ ಇದೆ.

ಮೊದಲ ಪ್ರಶ್ನೆಗೆ ಮಾತ್ರ ಒಂದು ಸಾಲಿನ ಉತ್ತರ ನನ್ನ ಹತ್ತಿರ ಇಲ್ಲ. ನಾನು ಒದ್ದಾಡಿದ್ದನ್ನು ಹೇಳಬಹುದು ಅಷ್ಟೆ.

2018ರಲ್ಲಿ ಪಿಎಚ್‌ಡಿಗೆ ಸೇರಿದೆ. ನಮ್ಮ ಗೈಡ್ ಮೇಡಂ ಮೊದಲ ದಿನವೇ ಒಂದು ಕಟ್ಟು ಪೇಪರ್ ಕೈಗಿಟ್ಟು, “ಎರಡು ವಾರ ಪೈಪೆಟ್ ಮುಟ್ಟಬೇಡಿ, ಇದನ್ನು ಓದಿ” ಅಂದರು. ಓದಿದೆ. ರಕ್ತ ಹಾಕಿಸಿಕೊಂಡವರಿಗೆ ಬರುತ್ತಿದ್ದ ಹೆಪಟೈಟಿಸ್ ಬಹುಪಾಲು ‘ಎ’ಯೂ ಅಲ್ಲ, ‘ಬಿ’ಯೂ ಅಲ್ಲ ಅಂತ 1970ರ ದಶಕದಲ್ಲಿ ಹಾರ್ವೆ ಆಲ್ಟರ್ ಮತ್ತು ಜೊತೆಗಾರರು ತೋರಿಸಿದ್ದರು. ಪಾಪ, ಹೆಸರೂ ಹಾಗೇ ಇಟ್ಟಿದ್ದರು, ‘ನಾನ್-ಎ, ನಾನ್-ಬಿ’. 1989ರಲ್ಲಿ ಮೈಕಲ್ ಹಾಟನ್ ತಂಡ ಕೈರಾನ್ ಕಂಪನಿಯಲ್ಲಿ ವೈರಸ್ಸಿನ ಜೀನ್ ಹಿಡಿಯಿತು. ಗಮನಿಸಿ, ಹಿಡಿದದ್ದು ಜೀನನ್ನು, ವೈರಸ್ಸನ್ನಲ್ಲ. ಅದನ್ನು ಲ್ಯಾಬಿನ ಜೀವಕೋಶಗಳಲ್ಲಿ ಸರಿಯಾಗಿ ಬೆಳೆಸಲು 2005ರ ತನಕ ಕಾಯಬೇಕಾಯಿತು. ಜಪಾನಿನ ಒಬ್ಬ ರೋಗಿಯಿಂದ ಸಿಕ್ಕ ಜೆಎಫ್‌ಎಚ್-1 ಅನ್ನುವ ತಳಿ ಮಾತ್ರ ಹೇಗೋ ಒಗ್ಗಿಕೊಂಡಿತು. ಶತ್ರುವಿನ ಹೆಸರು ಗೊತ್ತಾಗಿ ಹದಿನಾರು ವರ್ಷ ಅವನ ಮುಖ ನೋಡಲು ಆಗಿರಲಿಲ್ಲ ಅಂದ ಹಾಗಾಯಿತು.

ಆ ಕಟ್ಟಿನಲ್ಲಿ ನನಗೆ ಧೈರ್ಯ ಕೊಟ್ಟ ಸಂಗತಿ ಒಂದೇ. ಸೋಂಕು ತಗುಲಿದವರಲ್ಲಿ ನೂರಕ್ಕೆ ಸುಮಾರು 30 ಮಂದಿ ಯಾವ ಔಷಧಿಯೂ ಇಲ್ಲದೆ ಆರು ತಿಂಗಳೊಳಗೆ ವೈರಸ್ಸನ್ನು ತಾವೇ ಹೊರಹಾಕುತ್ತಾರೆ. ಅಂದರೆ ಮೈಗೆ ದಾರಿ ಗೊತ್ತಿದೆ. ಉಳಿದ ಎಪ್ಪತ್ತು ಮಂದಿಗೂ ಆ ದಾರಿ ತೋರಿಸಿದರೆ ಸಾಕು. ಎಷ್ಟು ಸುಲಭ ಅನ್ನಿಸಿತ್ತು!

ನನ್ನ ಪಾಲಿಗೆ ಬಂದದ್ದು ಇ2. ವೈರಸ್ಸಿನ ಹೊರಮೈಯಲ್ಲಿ ಇ1, ಇ2 ಅಂತ ಎರಡು ಪ್ರೋಟೀನ್ ಇವೆ. ಲಿವರ್ ಕೋಶದ ಮೇಲಿನ ಸಿಡಿ81 ಅನ್ನುವ ಹಿಡಿಕೆಗೆ ಜೋತು ಬೀಳುವುದು ಈ ಇ2. ಅದಕ್ಕೆ ಅಂಟಿ ಕೂರುವ ಪ್ರತಿಕಾಯ (ಮೈ ತಾನೇ ಮಾಡುವ ರಕ್ಷಕ ಪ್ರೋಟೀನ್, ಆಂಟಿಬಾಡಿ) ಹುಟ್ಟಿಸಿದರೆ ವೈರಸ್ ಒಳಗೆ ಹೋಗದು. ಐಡಿಯಾ ಇಷ್ಟೇ.

ಇಲ್ಲೊಂದು ಮಾತು. ಆರು ವರ್ಷದಲ್ಲಿ ನಾನು ನಿಜವಾದ ಹೆಪಟೈಟಿಸ್ ಸಿ ವೈರಸ್ಸನ್ನು ಒಂದು ಸಲವೂ ಮುಟ್ಟಿಲ್ಲ. ಕೇಳಿದವರಿಗೆ ನಗು ಬರುತ್ತದೆ. ನಾವು ಮಾಡುತ್ತಿದ್ದದ್ದು ವೈರಸ್ಸಿನ ಜೀನ್ ತುಣುಕನ್ನು ಮನುಷ್ಯರ ಮೂತ್ರಪಿಂಡ ಮೂಲದ ಎಚ್‌ಇಕೆ ಕೋಶಗಳಿಗೆ ಸೇರಿಸಿ, ಅವುಗಳಿಂದ ಇ2 ಮಾಡಿಸುವುದು. ಫ್ಲಾಸ್ಕ್ ಐದು ದಿನ 37 ಡಿಗ್ರಿಯಲ್ಲಿ ಅಲುಗಾಡುತ್ತಿರುತ್ತದೆ. ಆಮೇಲೆ ಕೋಶ ಸೋಸಿ, ಆ ನೀರನ್ನು ಲೆಕ್ಟಿನ್ ಅನ್ನುವ ಪ್ರೋಟೀನ್ ತುಂಬಿದ ಕೊಳವೆಯಲ್ಲಿ, ಅಂದರೆ ಕಾಲಮ್ಮಿನಲ್ಲಿ, ಹಾಯಿಸುತ್ತೇವೆ. ಈ ಲೆಕ್ಟಿನ್ ಬರುವುದು ಸ್ನೋಡ್ರಾಪ್ ಅನ್ನುವ ಹೂಗಿಡದ ಗೆಡ್ಡೆಯಿಂದ. ಅದಕ್ಕೆ ಸಕ್ಕರೆ ಕಂಡರೆ ಆಸೆ. ಇ2 ಮೈತುಂಬ ಸಕ್ಕರೆ. ಬಹುಪಾಲು ತಳಿಗಳಲ್ಲಿ 11 ಕಡೆ ಸಕ್ಕರೆಯ ಸರಗಳು ನೇತಾಡುತ್ತಿರುತ್ತವೆ. ಕಾಲಮ್ಮಿಗೆ ಅದು ಅನುಕೂಲ, ಲಸಿಕೆಗೆ ಕಂಟಕ. ಯಾಕೆ ಅಂದರೆ ಆ ಸಕ್ಕರೆ ವೈರಸ್ಸಿನದಲ್ಲ, ನಮ್ಮದೇ ಕೋಶ ಹಚ್ಚಿದ್ದು. ಮೈ ಅದನ್ನು ಪರಕೀಯ ಅಂತ ಎಣಿಸುವುದೇ ಇಲ್ಲ. ನಮ್ಮ ಮನೆಯ ಕಂಬಳಿಯನ್ನೇ ಹೊದ್ದು ಕಳ್ಳ ಮನೆಯೊಳಗೆ ಓಡಾಡುತ್ತಾನೆ.

ಮೊದಲ ಎಂಟು ತಿಂಗಳು ಸರಿಯಾದ ಇ2 ಕೈಗೆ ಸಿಗಲೇ ಇಲ್ಲ. ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳಲ್ಲಿ ಸಿಸ್ಟೀನ್ ಅಂತ ಒಂದು. ಇ2ಯಲ್ಲಿ ಅಂಥವು ಹದಿನೆಂಟು ಇವೆ. ಅವು ಜೋಡಿ ಜೋಡಿಯಾಗಿ ಕೈ ಹಿಡಿದಾಗಲೇ ಪ್ರೋಟೀನಿಗೆ ಆಕಾರ. ತಪ್ಪು ಜೋಡಿ ಹಿಡಿದುಕೊಂಡರೆ ಎಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಗಾತ್ರದ ಪ್ರಕಾರ ಬೇರ್ಪಡಿಸುವ ಕಾಲಮ್ಮಿನಲ್ಲಿ ಮುದ್ದೆ ಮೊದಲು ಹೊರಬರುತ್ತದೆ, ಬೇಕಾದದ್ದು ನಂತರ. ನನ್ನ ಗ್ರಾಫಿನಲ್ಲಿ ಪ್ರತಿ ಸಲವೂ ಮೊದಲ ಗುಡ್ಡ ದೊಡ್ಡದು, ಎರಡನೆಯದು ದಿಬ್ಬ. ಒಂದು ಲೀಟರಿನಿಂದ ಒಂದೆರಡು ಮಿಲಿಗ್ರಾಂ ಬಂದ ದಿನ ಲ್ಯಾಬಿಗೆಲ್ಲ ಟೀ ಕೊಡಿಸಿದ್ದೆ.

ಪ್ರಾಣಿ ಪ್ರಯೋಗದ ನೈತಿಕತೆ ನೋಡುವ ಸಮಿತಿಯ ಒಪ್ಪಿಗೆ ಬಂದಿತ್ತು. ಇಲಿಗಳಿಗೆ ನಾಲ್ಕು ವಾರಕ್ಕೊಮ್ಮೆ ಮೂರು ಚುಚ್ಚುಮದ್ದು. ಪ್ರೋಟೀನಿನ ಜೊತೆ ಸ್ಕ್ವಾಲೀನ್ ಎಣ್ಣೆಯ ಅಡ್ಜುವೆಂಟ್, ಮೈಯನ್ನು ಎಚ್ಚರಿಸುವುದಕ್ಕೆ. ಕೊನೆಯ ಚುಚ್ಚಿನ ಎರಡು ವಾರಕ್ಕೆ ರಕ್ತ ತೆಗೆದು, ಸೀರಮ್ (ರಕ್ತದ ತಿಳಿನೀರು) ಬೇರೆ ಮಾಡಿ ಎಲೈಸಾ ಅನ್ನುವ ಪರೀಕ್ಷೆ ಹಾಕಿದೆ. ಪ್ರತಿಕಾಯ ಇದ್ದರೆ ಪ್ಲಾಸ್ಟಿಕ್ ಪ್ಲೇಟಿನ ಪುಟ್ಟ ಗುಳಿಗಳಲ್ಲಿ, ನಮ್ಮ ಬಾಯಲ್ಲಿ ಬಾವಿಗಳಲ್ಲಿ, ಬಣ್ಣ ಬರುತ್ತದೆ. ಮೊದಲು ನೀಲಿ, ಆಸಿಡ್ ಹಾಕಿದ ಮೇಲೆ ಹಳದಿ.

ಪ್ಲೇಟ್ ಪೂರ್ತಿ ಹಳದಿ! ಸೀರಮ್ಮನ್ನು ಲಕ್ಷ ಪಟ್ಟು ತೆಳು ಮಾಡಿದ ಸಾಲಿನಲ್ಲೂ ಬಣ್ಣ ಇತ್ತು. ಓಡಿಹೋಗಿ ಮೇಡಂಗೆ ಫೋಟೋ ತೋರಿಸಿದೆ. ಅವರು ಕನ್ನಡಕ ಮೇಲೆ ಸರಿಸಿ ನೋಡಿ, “ಚೆನ್ನಾಗಿದೆ. ಆದರೆ ಕೂಸು ಹುಟ್ಟೋ ಮುಂಚೆ ಕುಲಾವಿ ಬೇಡ. ಪ್ಯಾನೆಲ್ ಹಾಕಿದ್ರಾ?” ಅಂದರು.

ಪ್ಯಾನೆಲ್ ಅಂದರೆ ಹುಸಿ ವೈರಸ್ಸುಗಳ ಸಾಲು. ಬೇರೊಂದು ವೈರಸ್ಸಿನ ಒಡಲಿಗೆ ಹೆಪಟೈಟಿಸ್ ಸಿಯ ಇ1-ಇ2 ಅಂಗಿ ತೊಡಿಸುತ್ತೇವೆ. ಒಳಗೆ ಲೂಸಿಫರೇಸ್ ಜೀನ್ ಇಡುತ್ತೇವೆ, ಮಿಂಚುಹುಳ ಮಿನುಗಲು ಬಳಸುವ ಅದೇ ಕಿಣ್ವದ್ದು. ಇದು ಲಿವರ್ ಕೋಶದೊಳಗೆ ನುಗ್ಗಿದರೆ ಮೂರು ದಿನದ ಮೇಲೆ ಬೆಳಕು ಬರುತ್ತದೆ. ಸೀರಮ್ ತಡೆದರೆ ಕತ್ತಲೆ. ನಮಗೆ ಬೇಕಿದ್ದದ್ದು ಕತ್ತಲೆ, ಅದೂ ಎಲ್ಲ ತಳಿಯ ಮೇಲೆ. ಈ ವೈರಸ್ಸಿನಲ್ಲಿ 8 ಜೀನೋಟೈಪ್, ಅಂದರೆ ದೊಡ್ಡ ತಳಿ-ಗುಂಪುಗಳು, ಇವೆ. ಒಂದಕ್ಕೂ ಇನ್ನೊಂದಕ್ಕೂ ಜೀನ್ ಅಕ್ಷರಗಳಲ್ಲಿ ನೂರಕ್ಕೆ ಸುಮಾರು 30ರಷ್ಟು ವ್ಯತ್ಯಾಸ.

ನಾನು ಇ2 ತೆಗೆದುಕೊಂಡದ್ದು ಎಚ್77 ಅನ್ನುವ ತಳಿಯಿಂದ, ಜೀನೋಟೈಪ್ 1ಎ. ಎಚ್77 ಬಾವಿಗಳು ಕತ್ತಲೆಯಾಗಿದ್ದವು. ಪಕ್ಕದ ಸಾಲುಗಳೆಲ್ಲ ಝಗಮಗ. 1ಬಿ, 2, 3, 4, ಯಾವುದರ ಮೇಲೂ ಏನೂ ಇಲ್ಲ. ಲಕ್ಷ ಪಟ್ಟು ತೆಳು ಮಾಡಿದರೂ ಬಣ್ಣ ಕೊಡುತ್ತಿದ್ದ ಸೀರಮ್, ಐವತ್ತು ಪಟ್ಟಿಗೇ ಕೈಚೆಲ್ಲಿತ್ತು.

ಮೇಡಂ ಬೈಯಲಿಲ್ಲ. ಒಂದು ಪುಟ್ಟ ಪೆಪ್ಟೈಡ್ (ಪ್ರೋಟೀನಿನ ಚೂರು) ತರಿಸಿಕೊಟ್ಟು, ಅದರ ಮೇಲೆ ಎಲೈಸಾ ಹಾಕಿ ನೋಡಿ ಅಂದರು. ಹಾಕಿದೆ. ಮತ್ತೆ ಹಳದಿ. ಆ ಪೆಪ್ಟೈಡ್ ಇ2ಯ ತುದಿಯಲ್ಲಿರುವ 27 ಅಮೈನೋ ಆಮ್ಲಗಳ ತುಂಡು. ಹೈಪರ್‌ವೇರಿಯಬಲ್ ರೀಜನ್ 1, ಅಂದರೆ ವಿಪರೀತ ಬದಲಾಗುವ ಭಾಗ, ನಮ್ಮ ಬಾಯಲ್ಲಿ ಎಚ್‌ವಿಆರ್1. ಇಲಿಗಳ ಮೈ ತನ್ನ ಶಕ್ತಿಯನ್ನೆಲ್ಲ ಅಲ್ಲೇ ಸುರಿದಿತ್ತು.

ಆಗ ಅರ್ಥವಾಯಿತು ವೈರಸ್ಸಿನ ಆಟ. ಎಚ್‌ವಿಆರ್1 ಸಡಿಲವಾಗಿ ಮುಂದೆ ನೇತಾಡುತ್ತದೆ. ಕಣ್ಣಿಗೆ ಮೊದಲು ಬೀಳುವುದೇ ಅದು. ಮೈ ಅದಕ್ಕೇ ಪ್ರತಿಕಾಯ ಮಾಡುತ್ತದೆ. ಅಷ್ಟರಲ್ಲಿ ವೈರಸ್ ಆ ತುದಿಯನ್ನು ಬದಲಿಸಿಕೊಂಡು ಆಗಿರುತ್ತದೆ. ಅಸಲಿ ಜಾಗ, ಸಿಡಿ81ಕ್ಕೆ ಅಂಟುವ ಜಾಗ, ಹೆಚ್ಚು ಬದಲಾಗುವಂತಿಲ್ಲ. ಆದರೆ ಅದು ಈ ತುದಿಯ ಹಿಂದೆ, ಸಕ್ಕರೆಯ ಕಂಬಳಿಯ ಮರೆಯಲ್ಲಿದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರು ಅಂತಾರಲ್ಲ, ಆ ಗಾದೆ ಯಾರೋ ಇದನ್ನು ನೋಡಿಯೇ ಕಟ್ಟಿದಂತಿದೆ. ಇಷ್ಟೆಲ್ಲ ಮೊದಲ ದಿನ ಕೊಟ್ಟ ಕಟ್ಟಿನಲ್ಲೇ ಇತ್ತು. ಓದಿಯೂ ಇದ್ದೆ. ನನ್ನ ಪ್ಲೇಟಿನಲ್ಲಿ ಕಾಣುವ ತನಕ ತಲೆಗೆ ಹೋಗಿರಲಿಲ್ಲ.

ಸರಿ, ಆ ತುದಿಯನ್ನೇ ಕತ್ತರಿಸಿ ಹಾಕಿದರಾಯಿತು ಅಂತ ಹೊರಟೆ. ಹಾಗೆ ಮಾಡಿದವರಲ್ಲಿ ನಾನೇನು ಮೊದಲಿಗಳಲ್ಲ. ಎಚ್‌ವಿಆರ್1 ಇಲ್ಲದ ಇ2ಯ ಮೇಲೆ ಬೇರೆ ತಂಡಗಳು ಕೆಲಸ ಮಾಡಿದ್ದವು, ಫಲಿತಾಂಶ ಒಮ್ಮೆ ಹಾಗೆ, ಒಮ್ಮೆ ಹೀಗೆ. ಅಷ್ಟರಲ್ಲಿ 2020 ಬಂತು.

ಆ ವರ್ಷ ನಮ್ಮ ಲ್ಯಾಬ್ ತಿಂಗಳುಗಟ್ಟಲೆ ಬಾಗಿಲು ಹಾಕಿತ್ತು. ಅಕ್ಟೋಬರಿನಲ್ಲಿ ಆಲ್ಟರ್, ಹಾಟನ್, ಇದೇ ವೈರಸ್ಸಿನ ಮೇಲೆ ಕೆಲಸ ಮಾಡಿದ ಚಾರ್ಲ್ಸ್ ರೈಸ್, ಮೂವರಿಗೂ ನೊಬೆಲ್ ಬಂತು. ಖುಷಿಯೇ. ಆದರೆ ಡಿಸೆಂಬರಿಗೆ ಕೊರೊನಾ ಲಸಿಕೆಯೂ ಬಂತು. ಫೋನಿನಲ್ಲಿ ನೆಂಟರದೆಲ್ಲ ಒಂದೇ ಮಾತು: “ಅವರು ಒಂದು ವರ್ಷದಲ್ಲಿ ಮಾಡಿದ್ರು, ನಿಮ್ಮದು ಮೂವತ್ತು ವರ್ಷ ಆಯ್ತಲ್ಲಮ್ಮ?” ಏನು ಹೇಳಲಿ? ಕೊರೊನಾ ವೈರಸ್ಸಿಗೆ ತನ್ನ ಜೀನ್ ನಕಲು ಮಾಡುವಾಗ ತಪ್ಪು ತಿದ್ದಿಕೊಳ್ಳುವ ಕಿಣ್ವ ಇದೆ. ಹೆಪಟೈಟಿಸ್ ಸಿಗೆ ಅದಿಲ್ಲ. 9,600 ಅಕ್ಷರದ ಜೀನನ್ನು ತಪ್ಪು ತಪ್ಪಾಗಿ ನಕಲು ಮಾಡುತ್ತಾ ಒಬ್ಬ ರೋಗಿಯ ಮೈಯಲ್ಲಿ ದಿನಕ್ಕೆ ಲಕ್ಷ ಕೋಟಿಯಷ್ಟು ವೈರಸ್ ಹುಟ್ಟುತ್ತವೆ ಅಂತ ಅಂದಾಜು. ಆ ತಪ್ಪುಗಳೇ ಅದರ ಬಂಡವಾಳ. ಕೊರೊನಾ ಬಂದವರಲ್ಲಿ ಬಹುಪಾಲು ಜನರ ಮೈ ವೈರಸ್ಸನ್ನು ತಾನೇ ತೊಳೆದುಕೊಳ್ಳುತ್ತದೆ. ಇಲ್ಲಿ ಬಹುಪಾಲು ಜನರ ಮೈಯೇ ಸೋಲುತ್ತದೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಕಾಗುತ್ತಾ? ಸುಮ್ನೆ “ಹೂಂ, ನೋಡಬೇಕು” ಅಂತಿದ್ದೆ.

ಲ್ಯಾಬ್ ತೆರೆದ ಮೇಲೆ ಇನ್ನೊಂದು ಪೆಟ್ಟು. ಲಿವರ್ ಕೋಶಗಳು ಯಾಕೋ ನಿಧಾನವಾಗಿ ಬೆಳೆಯುತ್ತಿದ್ದವು. ಬೆಳಕಿನ ಲೆಕ್ಕ ದಿನಕ್ಕೊಂದು ಥರ. ಕೋಶ ಬೆಳೆಸುವ ದ್ರವ ತಿಳಿಯಾಗೇ ಇತ್ತು, ಮೈಕ್ರೋಸ್ಕೋಪಿನಲ್ಲೂ ಏನೂ ಕಾಣಲಿಲ್ಲ. ಪಿಸಿಆರ್ ಮಾಡಿಸಿದರೆ ಮೈಕೋಪ್ಲಾಸ್ಮಾ ಅನ್ನುವ ಅತಿ ಪುಟ್ಟ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಎಲ್ಲ ಫ್ಲಾಸ್ಕ್ ಬಿಸಾಡಿ, ಇನ್‌ಕ್ಯುಬೇಟರ್ ಉಜ್ಜಿ, ಹಳೆಯ ಸ್ಟಾಕಿನಿಂದ ಹೊಸದಾಗಿ ಶುರು ಮಾಡಬೇಕಾಯಿತು. ಎರಡು ತಿಂಗಳು ನೀರಿಗೆ. ಆಗಿನಿಂದ ತಿಂಗಳಿಗೊಮ್ಮೆ ತಪ್ಪದೆ ಟೆಸ್ಟ್ ಮಾಡುತ್ತಿದ್ದೆ.

2021ರ ಒಂದು ಜರ್ನಲ್ ಕ್ಲಬ್ (ಹೊಸ ಪೇಪರ್ ಓದಿ ಚರ್ಚಿಸುವ ಲ್ಯಾಬ್ ಸಭೆ) ನನಗೆ ಚೆನ್ನಾಗಿ ನೆನಪಿದೆ. ಈ ಕಾಯಿಲೆಗೆ ಲಸಿಕೆ ನಿಜಕ್ಕೂ ಸೋಂಕು ತಡೆಯುತ್ತದಾ ಅಂತ ಅಪಾಯದಲ್ಲಿರುವ ಜನರಲ್ಲೇ ನೋಡಿದ ಮೊದಲ ದೊಡ್ಡ ಪ್ರಯೋಗದ ಫಲಿತಾಂಶ ಬಂದಿತ್ತು. ಅದರ ದಾರಿ ನಮ್ಮದಕ್ಕಿಂತ ಬೇರೆ. ಪ್ರತಿಕಾಯದ ಗೊಡವೆ ಬಿಟ್ಟು, ವೈರಸ್ ಸೋಂಕಿದ ಕೋಶದೊಳಗೆ ಮಾತ್ರ ಮಾಡಿಸಿಕೊಳ್ಳುವ, ಅಷ್ಟಾಗಿ ಬದಲಾಗದ ಎನ್‌ಎಸ್ ಪ್ರೋಟೀನುಗಳನ್ನು ಟಿ ಕೋಶಗಳಿಗೆ (ಸೋಂಕಿದ ಕೋಶಗಳನ್ನು ಹುಡುಕಿ ಕೊಲ್ಲುವ ರಕ್ಷಣಾ ಕೋಶಗಳು) ಪರಿಚಯಿಸುವುದು. ಆ ಜೀನುಗಳನ್ನು ಮೈಯೊಳಗೆ ಹೊತ್ತೊಯ್ಯಲು ಮೊದಲ ಡೋಸಿಗೆ ಚಿಂಪಾಂಜಿಯ ಅಡಿನೋವೈರಸ್, ಎಂಟು ವಾರದ ಮೇಲೆ ಎರಡನೆಯದಕ್ಕೆ ಎಂವಿಎ ಅನ್ನುವ ಬಲಗುಂದಿಸಿದ ವೈರಸ್. ಬಾಲ್ಟಿಮೋರ್, ಸ್ಯಾನ್ ಫ್ರಾನ್ಸಿಸ್ಕೋ, ಆಲ್ಬುಕರ್ಕಿಯಲ್ಲಿ ಮಾದಕ ವಸ್ತು ಚುಚ್ಚಿಕೊಳ್ಳುವ 548 ಮಂದಿ ಸೇರಿದ್ದರು. ಅಪಾಯ ಏನೂ ಕಾಣಲಿಲ್ಲ. ಲಸಿಕೆ ಪಡೆದವರಲ್ಲಿ ನೂರಕ್ಕೆ 78 ಮಂದಿಯ ಟಿ ಕೋಶಗಳು ಎದ್ದು ನಿಂತವು. ವೈರಸ್ಸಿನ ಪ್ರಮಾಣವೂ ಶುರುವಿನಲ್ಲಿ ಅಷ್ಟು ಏರಲಿಲ್ಲ. ಆಮೇಲೆ ಸ್ಲೈಡಿನಲ್ಲಿ ಕೊನೆಯ ಪಟ್ಟಿ ಬಂತು. ದೀರ್ಘಕಾಲದ ಸೋಂಕಾದವರು: ಲಸಿಕೆ ಗುಂಪಿನಲ್ಲಿ 14, ಲಸಿಕೆ ಇಲ್ಲದ ಗುಂಪಿನಲ್ಲೂ 14.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಒಬ್ಬ ಜೂನಿಯರ್ ಮಾತ್ರ, “ಹಾಗಾದರೆ ನಮ್ಮ ದಾರಿಯೇ ಸರಿ ಅಂತಲಾ ಮೇಡಂ?” ಅಂತ ಕೇಳಿದ. ಮೇಡಂ, “ಅವರ ದಾರಿ ಒಂದೇ ಸಾಕಾಗಲಿಲ್ಲ ಅಂತ. ನಮ್ಮದು ಸಾಕಾಗುತ್ತೆ ಅಂತ ಯಾರು ಹೇಳಿದ್ರು?” ಅಂದರು. ಪಕ್ಕದವರ ಲಸಿಕೆ ಸೋತಿತು ಅಂತ ಒಳಗೊಳಗೇ ಹಿಗ್ಗುವ ಸಣ್ಣತನ ನನ್ನಲ್ಲೂ ಒಂದು ಗಳಿಗೆ ಇತ್ತು, ಸುಳ್ಳು ಹೇಳಲಾರೆ. ಆ ಮಾತಿಗೆ ಅದು ಇಳಿಯಿತು.

ನನ್ನ ತುದಿ ಕತ್ತರಿಸಿದ ಇ2ಗೆ ಬರುತ್ತೇನೆ. ಎಲೈಸಾ ಬಣ್ಣ ಮೊದಲಿಗಿಂತ ಪೇಲವ. ಈ ಸಲ ಬೇಜಾರಾಗಲಿಲ್ಲ. ಪ್ಯಾನೆಲ್ ಹಾಕಿದರೆ ಎಚ್77 ಜೊತೆ ಇನ್ನೂ ಎರಡು ತಳಿಗಳ ಬಾವಿ ಮಬ್ಬಾಗಿದ್ದವು! ಪೂರ್ತಿ ಕತ್ತಲೆಯಲ್ಲ, ಸಂಜೆಗತ್ತಲೆ. ಮೂರು ಸಲ ಮಾಡಿದೆ. ಮೂರು ಸಲವೂ ಬಂತು. ರಾತ್ರಿ ನಿದ್ದೆ ಬರಲಿಲ್ಲ.

ಒಂದು ಕಂಟ್ರೋಲ್, ಅಂದರೆ ತಾಳೆ ನೋಡುವ ಪರೀಕ್ಷೆ, ಬಾಕಿ ಇತ್ತು. ವಿಎಸ್‌ವಿ ಅನ್ನುವ ಸಂಬಂಧವೇ ಇಲ್ಲದ ವೈರಸ್ಸಿನ ಅಂಗಿ ತೊಟ್ಟ ಹುಸಿ ವೈರಸ್. ನನ್ನ ಸೀರಮ್ ಅದನ್ನು ತಡೆಯಲೇಬಾರದು. ತಡೆದಿತ್ತು. ಅಂದರೆ ಆ ಸಂಜೆಗತ್ತಲೆಯಲ್ಲಿ ಇಲಿ ಸೀರಮ್ಮಿನ ಬೇರೆ ಯಾವುದೋ ವಸ್ತುವಿನ ಪಾಲೂ ಇತ್ತು. ಅಂಥದ್ದನ್ನು ಅಡಗಿಸಲು ಸೀರಮ್ಮನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿದ್ದು ಸಾಕಾಗಿರಲಿಲ್ಲ. ಸೀರಮ್ಮಿನಿಂದ ಪ್ರತಿಕಾಯವನ್ನಷ್ಟೇ ಬೇರೆ ತೆಗೆದು ಮತ್ತೆ ಮಾಡಿದೆ. ಎರಡು ತಳಿಗಳಲ್ಲಿ ಒಂದು ನಿಂತಿತು, ಒಂದು ಮಾಯವಾಯಿತು. ಆ ನಿಂತ ಒಂದೇ ನನ್ನ ಪಿಎಚ್‌ಡಿ ಅಂದರೂ ತಪ್ಪಿಲ್ಲ.

ಇಲಿಯಲ್ಲೇ ಇನ್ನೊಂದು ತೊಡಕು ಇದೆ, ಇದರ ಬಗ್ಗೆ ಜನ ಜಾಸ್ತಿ ಮಾತಾಡಲ್ಲ. ಇ2 ಮನುಷ್ಯರ ಸಿಡಿ81ಗೆ ಅಂಟುತ್ತದೆ, ಇಲಿಯದಕ್ಕೆ ಅಂಟುವುದಿಲ್ಲ. ಮನುಷ್ಯರಿಗೆ ಇ2 ಚುಚ್ಚಿದರೆ ಅದು ಅಲ್ಲಿನ ಕೋಶಗಳ ಸಿಡಿ81ಗೆ ಹೋಗಿ ಕಚ್ಚಿಕೊಳ್ಳಬಹುದು. ಆಗ ನಾವು ತೋರಿಸಬೇಕೆಂದಿದ್ದ ಜಾಗವೇ ಮುಚ್ಚಿಹೋಗಬಹುದು. ಇಲಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಇಲಿಗೆ ಈ ಸೋಂಕೂ ತಗುಲುವುದಿಲ್ಲ. ಹಾಗಾಗಿ ಲಸಿಕೆ ಕೊಟ್ಟು, ವೈರಸ್ ಬಿಟ್ಟು ನೋಡುವ ಪರೀಕ್ಷೆಯೇ ಅದರಲ್ಲಿ ಸಾಧ್ಯವಿಲ್ಲ. 1994ರಲ್ಲಿ ಹಾಟನ್ ತಂಡ ಇ1-ಇ2 ಲಸಿಕೆ ಕೊಟ್ಟ ಏಳು ಚಿಂಪಾಂಜಿಗಳಲ್ಲಿ ಐದು ಸೋಂಕಿನಿಂದ ಪಾರಾಗಿದ್ದವು. ಆ ಪ್ರಯೋಗದಲ್ಲೂ ಬಿಟ್ಟದ್ದು ಅದೇ ತಳಿಯ ವೈರಸ್ಸು ಅನ್ನುವುದನ್ನು ಮರೆಯಬಾರದು. ಈಗ ಚಿಂಪಾಂಜಿ ದಾರಿ ಮುಚ್ಚಿದೆ, 2015ರಲ್ಲಿ ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಅದಕ್ಕೆ ಬೆಂಬಲ ನಿಲ್ಲಿಸಿತು. ನಿಲ್ಲಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಬದಲಿಗೆ ಒಪ್ಪಿ ಬಂದ ಆರೋಗ್ಯವಂತರಿಗೆ ಲಸಿಕೆ ಕೊಟ್ಟು, ಬೇಕೆಂದೇ ಸೋಂಕು ತಗುಲಿಸಿ, ಆಮೇಲೆ ಮಾತ್ರೆಯಿಂದ ಗುಣಪಡಿಸುವ ಪ್ರಯೋಗದ ಮಾತು ನಡೆದಿದೆ. ನೋಡಿ, ‘ಮತ್ಯಾಕೆ ಲಸಿಕೆ’ ಅಂತ ಕೇಳಿಸುತ್ತಿದ್ದ ಅದೇ ಮಾತ್ರೆ ಲಸಿಕೆಗೆ ದಾರಿ ಬಿಡಿಸುವ ಹಾಗಿದೆ.

2022ರಲ್ಲಿ ಇ1 ಮತ್ತು ಇ2 ಜೊತೆಯಾಗಿ ಹೇಗಿರುತ್ತವೆ ಅನ್ನುವ ಚಿತ್ರ ಮೊದಲ ಸಲ ಹೊರಬಂತು. ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹಿಡಿದದ್ದು. ಅದನ್ನು ಪರದೆಯ ಮೇಲೆ ತಿರುಗಿಸಿ ತಿರುಗಿಸಿ ನೋಡುತ್ತಾ ಒಂದು ಇಡೀ ಮಧ್ಯಾಹ್ನ ಕಳೆದೆ. ನಾನು ನಾಲ್ಕು ವರ್ಷ ಇ2 ಒಂದನ್ನೇ ಹಿಡಿದು ಕೂತಿದ್ದೆ. ವೈರಸ್ಸಿನ ಮೇಲೆ ಅದು ಒಂಟಿಯಾಗಿ ಇರುವುದೇ ಇಲ್ಲವಲ್ಲ! ಕೊನೆಯ ಎರಡು ವರ್ಷ ಎರಡನ್ನೂ ಜೋಡಿಯಾಗಿ ಮಾಡುವುದರಲ್ಲಿ ಹೋಯಿತು. ಎರಡೂ ಕೋಶದೊಳಗಿನ ಪೊರೆಗೆ ಹೂತುಕೊಂಡಿರುತ್ತವೆ. ಡಿಟರ್ಜೆಂಟ್ ಹಾಕಿ ಬಿಡಿಸಬೇಕು, ಬಿಡಿಸಿದರೆ ಜೋಡಿ ಮುರಿಯುತ್ತದೆ. ಆ ಕಥೆ ಹೇಳಿದರೆ ಇನ್ನೊಂದು ಇಷ್ಟೇ ಉದ್ದವಾಗುತ್ತದೆ. ಸ್ವಲ್ಪ ಜೋಡಿ ಸಿಕ್ಕಿತು, ಒಂದು ಗುಂಪು ಇಲಿಗಳಿಗೆ ಸಾಕಾಗುವಷ್ಟು. ಅವುಗಳ ಸೀರಮ್ ಬರುವ ಹೊತ್ತಿಗೆ ನನ್ನ ಥೀಸಿಸ್ ಮುಗಿದಿತ್ತು.

ಹೊರಡುವ ವಾರ ಮೈನಸ್ 80ರ ಫ್ರೀಜರಿನ ಪೆಟ್ಟಿಗೆಗಳನ್ನು ಹೊಸದಾಗಿ ಸೇರಿದ ಹುಡುಗಿಗೆ ಒಂದೊಂದಾಗಿ ತೋರಿಸಿಕೊಟ್ಟೆ. ಯಾವುದು ಎಚ್77, ಯಾವುದು ತುದಿ ಕತ್ತರಿಸಿದ್ದು, ಯಾವುದು ಜೋಡಿ.

“ಮೊದಲು ಎಲೈಸಾ ಹಾಕಿ ನೋಡ್ಲಾ ಅಕ್ಕ?” ಅಂದಳು.

“ಬೇಡ, ಮೊದಲು ಪ್ಯಾನೆಲ್ ಹಾಕು. ಪಕ್ಕದಲ್ಲೇ ವಿಎಸ್‌ವಿ ಇಡು.”

ಅವಳು ಜೋಡಿಯ ಟ್ಯೂಬನ್ನು ಬೆಳಕಿಗೆ ಹಿಡಿದು, ಎಷ್ಟಿದೆ ಅಂತ ಕಣ್ಣಳತೆ ಹಾಕಿದಳು. ಒಂದು ಪ್ಲೇಟಿಗೆ ಆಗುವಷ್ಟು ಇತ್ತು.